ಒಗ್ಗರಣಿ-ಮಿರ್ಚಿ, ಕಡಕ್ ಚಹಾ ಮತ್ತು ಹೊರಗಿನ ಗ್ಲಾಸು: ಸಿಂಧನೂರು, ಮಸ್ಕಿ, ಲಿಂಗಸುಗೂರು ರಸ್ತೆಯ ಹೋಟೆಲ್ ಇತಿಹಾಸ

ಸ್ವಲ್ಪ ದೊಡ್ಡ ಪೋಸ್ಟ್. ಪುರುಸೊತ್ತು ಮಾಡಿಕೊಂಡು ಓದ್ರಿ.

ನಮ್ಮ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಯಾವ ಹೋಟೆಲ್ ಚಲೋ, ಚಹಾ ಎಲ್ಲಿ ಚಲೋ, ರವಿವಾರ ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ ಎಲ್ಲರ ಹತ್ರನೂ ಒಂದು ಪಟ್ಟಿ ಐತಿ. ನನ್ನ ಹತ್ರನೂ ಐತಿ. ಮುಂಜಾನೆ ಬಿಸಿ ಒಗ್ಗರಣಿ-ಮಿರ್ಚಿ. ಮಧ್ಯಾಹ್ನ ಖಾನಾವಳಿಯ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಸಂಜೆ ಬಸ್ ಸ್ಟ್ಯಾಂಡ್ ಮುಂದೆ ನಿಂತು ಕುಡಿಯೋ ಕಡಕ್ ಚಹಾ. ಇದಕ್ಕೆ ಬೆಂಗಳೂರಿನ ಯಾವ ಕಾಫಿ ಶಾಪೂ ಸಮ ಅಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ!

ಆದರೆ ರುಚಿಗೆ ಅಂಕ ಕೊಡೋದಕ್ಕೆ ಮುಂಚೆ ನಾನು ಮೂರು ವಿಷಯ ನೋಡ್ತೀನಿ. ಒಳಗೆ ಯಾರು ಕುಂತಾರ? ಚಹಾ ಯಾವ ಗ್ಲಾಸಿನ್ಯಾಗ ಬಂತು? ಕುಡಿದ ಗ್ಲಾಸ್ ತೊಳೆಯೋರು ಯಾರು? ಈ ಮೂರು ಪ್ರಶ್ನೆ ನನ್ನ ತಲೆಯಿಂದ ಹುಟ್ಟಿದ್ದಲ್ಲ, ಇವು ನಮ್ಮ ಭಾಗದ ಹೋಟೆಲ್‌ಗಳ ಇತಿಹಾಸದಿಂದ ಬಂದವು. ಆ ಇತಿಹಾಸವನ್ನ ಯಾವ ಬೋರ್ಡಿನ ಮೇಲೂ ಬರೆದಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಹಳ್ಳಿಯ ಚಾದಂಗಡಿ. ಒಂದು ಗುಡಿಸಲು, ಒಲೆ, ಎರಡು ಬೆಂಚು. ಬೆಂಚು ಊರವರಿಗೆ, ಹೊರಗಿನ ನೆಲ ನಮ್ಮವರಿಗೆ. ನಮ್ಮವರ ಗ್ಲಾಸ್ ಬೇರೆ. ಅದು ಚಪ್ಪರದ ಸಂದಿಯಲ್ಲೋ, ಗೋಡೆಯ ಗೂಡಿನಲ್ಲೋ ಇರ್ತಿತ್ತು. ಕೆಲವು ಕಡೆ ಗ್ಲಾಸೂ ಇಲ್ಲ, ತೆಂಗಿನ ಚಿಪ್ಪು. ನಾವೇ ತೆಗೊಂಡು ಹಿಡೀಬೇಕು, ಅವರು ಮೇಲಿಂದ ಸುರೀತಿದ್ದರು. ಕುಡಿದ ಮೇಲೆ ನಾವೇ ತೊಳೆದು ಮತ್ತೆ ಅಲ್ಲೇ ಸಿಗಿಸಿ ಬರಬೇಕು. ದುಡ್ಡು ಕೈಗೆ ಕೊಡಂಗಿಲ್ಲ, ನೆಲದ ಮೇಲೆ ಇಡಬೇಕು. ಆ ದುಡ್ಡು ಗಲ್ಲಾಪೆಟ್ಟಿಗೆಗೆ ಹೋಗೋದಕ್ಕೆ ಮಾತ್ರ ಯಾವ ಮೈಲಿಗೆನೂ ಅಡ್ಡ ಬರ್ತಿರಲಿಲ್ಲ.

ಇದನ್ನ ಬರೀ ‘ಹಳೇ ಕಾಲದ ಮೂಢನಂಬಿಕೆ’ ಅಂತ ಹೇಳಿ ಮುಗಿಸಬ್ಯಾಡ್ರಿ. ಇದರ ಹಿಂದೆ ಹೊಲ ಇತ್ತು, ಕೂಲಿ ಇತ್ತು, ಜೀತ ಇತ್ತು. ಬೆಂಚಿನ ಮೇಲೆ ಕುಂತವರ ಹೊಲದಾಗೇ ನಮ್ಮವರು ದುಡೀಬೇಕಿತ್ತು. ‘ಯಾಕಪ್ಪಾ, ನಾನೂ ಒಳಗ ಕುಂದ್ರತೀನಿ’ ಅಂದವನಿಗೆ ನಾಳೆ ಕೂಲಿ ಇಲ್ಲ, ಸಾಲ ಇಲ್ಲ, ಗಿರಣಿಯಲ್ಲಿ ಹಿಟ್ಟು ಬೀಸೋರಿಲ್ಲ. ಚಾದಂಗಡಿಯವನೂ ಎಷ್ಟೋ ಸಲ ಬಡವನೇ. ‘ನಂದೇನಿಲ್ಲಪ್ಪ, ಊರವರು ಒಪ್ಪಂಗಿಲ್ಲ’ ಅನ್ನೋದು ಅವನ ಮಾತು. ಹೊರಗಿನ ಗ್ಲಾಸ್ ಇಟ್ಟವನು ಅವನು, ಅದನ್ನ ಕಾಯ್ತಿದ್ದದ್ದು ಊರಿನ ಭೂಮಾಲೀಕತ್ವ.

ಈಗ ಪಟ್ಟಣಕ್ಕೆ ಬರೋಣ. ನಮ್ಮ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ರಾಜ್ಯದಾಗಿತ್ತು. ಲಿಂಗಸುಗೂರು 1905ರ ತನಕ ತಾನೇ ಒಂದು ಜಿಲ್ಲೆ. ಅಲ್ಲಿ ಸೈನ್ಯದ ಛಾವಣಿ ಇತ್ತು. ಛಾವಣಿ, ಕಚೇರಿ, ಸಂತೆ ಇದ್ದ ಕಡೆ ಪರಊರಿನ ಜನ ಬರ್ತಾರೆ, ಪರಊರಿನ ಜನಕ್ಕೆ ಊಟ ಬೇಕು. ಹೋಟೆಲ್ ಅನ್ನೋದು ಹುಟ್ಟಿದ್ದೇ ಹಿಂಗ. ಆದರೆ ಬಂದವನು ‘ಅಡಿಗೆ ಮಾಡಿದವರು ಯಾರು’ ಅಂತ ಮೊದಲು ಕೇಳ್ತಿದ್ದ. ಅದಕ್ಕೆ ಉತ್ತರವಾಗಿ ಬೋರ್ಡುಗಳು ಬಂದವು: ಬ್ರಾಹ್ಮಣರ ಹೋಟೆಲ್, ವೀರಶೈವ ಲಿಂಗಾಯತ ಖಾನಾವಳಿ, ಹಿಂದೂ ಮಿಲಿಟರಿ ಹೋಟೆಲ್. ಇವತ್ತು ನಾವು ಅದನ್ನ ರುಚಿಯ ಗುರುತು ಅಂತ ಓದ್ತೀವಿ. ಲಿಂಗಾಯತ ಖಾನಾವಳಿ ಅಂದರೆ ಸಸ್ಯಾಹಾರದ ರೊಟ್ಟಿ ಊಟ, ಮಿಲಿಟರಿ ಅಂದರೆ ಮಟನ್. ಆದರೆ ಆ ಬೋರ್ಡು ಶುರುವಿನಲ್ಲಿ ಒಂದು ಭರವಸೆ ಆಗಿತ್ತು: ‘ಇಲ್ಲಿ ನಿನ್ನ ಜಾತಿ ಕೆಡಂಗಿಲ್ಲ, ಧೈರ್ಯವಾಗಿ ಉಣ್ಣು.’ ಆ ಭರವಸೆ ಯಾರನ್ನ ಹೊರಗಿಟ್ಟು ಕೊಟ್ಟಿದ್ದು ಅಂತ ಬೇರೆ ಹೇಳಬೇಕೇನ್ರಿ?

ಪೇಟೆಯ ಸಾಬರ ಚಾದಂಗಡಿಯಲ್ಲಿ ಮೊದಲು ಕುಂತು ಚಹಾ ಕುಡಿದ್ವಿ ಅಂತ ನಮ್ಮ ಹಿರಿಯರು ಬಹಳ ಮಂದಿ ಹೇಳ್ತಾರೆ. ಅದು ನಿಜ, ಅದನ್ನ ನೆನಪಿಡಬೇಕು. ಹಂಗಂತ ನಿಜಾಮರ ರಾಜ್ಯದಾಗ ಅಸ್ಪೃಶ್ಯತೆ ಇರಲಿಲ್ಲ ಅಂತ ಅಲ್ಲ. ಅದಕ್ಕೆ ಬಾಬಾಸಾಹೇಬರೇ ಸಾಕ್ಷಿ.

1934. ಬಾಬಾಸಾಹೇಬರು ತಮ್ಮ ಸಂಗಾತಿಗಳ ಜೊತೆ ಪ್ರವಾಸ ಹೊರಟಿದ್ದರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಅದೂ ಆಗ ನಮ್ಮಂಗೇ ಹೈದರಾಬಾದ್ ರಾಜ್ಯದೊಳಗೇ ಇತ್ತು. ಧೂಳಿನ ದಾರಿ ಸವೆಸಿ ಬಂದವರು ಕೋಟೆ ಬಾಗಿಲ ಹತ್ತಿರದ ಹೊಂಡದಾಗ ಕೈಕಾಲು ಮುಖ ತೊಳೆದರು. ಅಷ್ಟಕ್ಕೇ ಒಬ್ಬ ಮುದುಕ ಕೂಗಾಡ್ತಾ ಓಡಿ ಬಂದ, ಜನ ಸೇರಿತು, ನೀರು ಮೈಲಿಗೆ ಆಯ್ತು ಅಂತ ಗಲಾಟೆ. ಕೊನೆಗೆ ಕೋಟೆ ನೋಡೋಕೆ ಬಿಟ್ಟರು, ಆದರೆ ಒಳಗೆ ಎಲ್ಲೂ ನೀರು ಮುಟ್ಟಬಾರದು ಅಂತ ಷರತ್ತು. ಅದನ್ನ ಕಾಯೋಕೆ ಜೊತೆಗೆ ಒಬ್ಬ ಬಂದೂಕಿನ ಸಿಪಾಯಿ! ಕೊಲಂಬಿಯಾ, ಲಂಡನ್‌ಗಳಲ್ಲಿ ಓದಿ ಬಂದ ಮನುಷ್ಯ ಒಂದು ಕೋಟೆ ನೋಡಿದ್ದು ಹಿಂಗ. ರವಿವಾರ ಮುದಗಲ್ ಕೋಟೆಗೋ ಜಲದುರ್ಗಕ್ಕೋ ಹೋಗಿ ಸೆಲ್ಫಿ ತೆಗೆಯೋ ನಮ್ಮ ಹುಡುಗರು ಇದನ್ನ ಒಮ್ಮೆ ನೆನೆಸಬೇಕು. ತಿರುಗಾಡೋದು ಕೂಡ ನಮಗೆ ಹಕ್ಕಾಗಿ ಬಂದದ್ದು, ಸುಮ್ಮನೆ ಸಿಕ್ಕಿದ್ದಲ್ಲ.

ಆ ಹಕ್ಕು ಎಲ್ಲಿ ಬರೆದೈತಿ? ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿ ಓದ್ರಿ. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲ್, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಎಲ್ಲವೂ ಒಂದೇ ಕಡೆ ಐತಿ. ಹೋಟೆಲೂ ಬಾವಿಯೂ ಒಂದೇ ವಿಧಿಯಲ್ಲಿ ಯಾಕೆ ಅಂತ ಕೆಲವರಿಗೆ ಅನಿಸಬಹುದು. ನಮಗೆ ಅನಿಸಂಗಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ‘ಅಂಗಡಿ’ ಅನ್ನೋ ಪದಕ್ಕೆ ಬಾಬಾಸಾಹೇಬರು ವಿಶಾಲ ಅರ್ಥ ಕೊಟ್ಟರು. ದುಡ್ಡು ತೆಗೊಂಡು ಸೇವೆ ಕೊಡೋ ಜಾಗ ಎಲ್ಲಾ ಅದರೊಳಗೇ ಬರ್ತದೆ, ಕ್ಷೌರದ ಅಂಗಡಿ, ಬಟ್ಟೆ ಒಗೆಯೋ ಅಂಗಡಿ ಕೂಡ ಅಂತ ವಿವರಿಸಿದರು. ಅಸ್ಪೃಶ್ಯತೆ ರದ್ದು ಮಾಡಿದ ವಿಧಿ, ಅಂದರೆ ಇವತ್ತಿನ 17ನೇ ವಿಧಿ, ಅಂಗೀಕಾರ ಆದದ್ದೂ ಅದೇ ದಿನ. ನಮ್ಮ ಜಿಲ್ಲೆ ನಿಜಾಮರ ಕೈಬಿಟ್ಟು ಆಗಿನ್ನೂ ಎರಡೂವರೆ ತಿಂಗಳೂ ತುಂಬಿರಲಿಲ್ಲ.

ಆಮೇಲೆ 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. ಹೋಟೆಲಿನೊಳಗೆ ಬಿಡದಿರೋದು ಅಷ್ಟೇ ಅಲ್ಲ, ಅಲ್ಲಿನ ಪಾತ್ರೆ ಬಳಸೋಕೆ ಬಿಡದಿರೋದೂ ಅಪರಾಧ ಆಯ್ತು. ಅಂದ್ರೆ ಎರಡು ಗ್ಲಾಸ್ ಪದ್ಧತಿ 1955ರಲ್ಲೇ ಕಾನೂನುಬಾಹಿರ. 1976ರ ತಿದ್ದುಪಡಿಯಲ್ಲಿ ಅದೇ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯ್ತು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದು, ಅಂಗಡಿಗೆ ಬಿಡದಿರೋದು, ಸಾರ್ವಜನಿಕ ಪಾತ್ರೆ ಮುಟ್ಟೋಕೆ ಬಿಡದಿರೋದು ಅದರೊಳಗೂ ಸೇರಿತು. ಒಂದೇ ಗ್ಲಾಸಿಗೆ ಎಷ್ಟು ಸಲ ಕಾನೂನು ಬರೀಬೇಕಾಯ್ತು ನೋಡ್ರಿ.

ಕಾನೂನು ಪುಸ್ತಕದಾಗಿತ್ತು. ಸಿಂಧನೂರಿನ ಬೆಂಚಿನ ಮೇಲೆ ನಮ್ಮವರು ಕುಂದ್ರೋಕೆ ಇನ್ನೊಂದು ಕಾರಣ ಬೇಕಾಯ್ತು, ಅದು ನೀರು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಬಂದ ಮೇಲೆ ಜೋಳದ ಸಿಂಧನೂರು ಭತ್ತದ ಸಿಂಧನೂರು ಆಯ್ತು. ಆಂಧ್ರದಿಂದ ರೈತರು ಬಂದು ಕ್ಯಾಂಪ್ ಕಟ್ಟಿದರು. ಆಗಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರ ಆರ್.ಎಚ್. ಕ್ಯಾಂಪ್‌ಗಳಲ್ಲಿ ಜಾಗ ಕೊಟ್ಟಿತು. ರೈಸ್ ಮಿಲ್, ಲಾರಿ, ಹಮಾಲಿ, ನಾಟಿ ಕೂಲಿ ಅಂತ ಹತ್ತು ಕಡೆಯ ಜನ ಸೇರಿದರು. ರೊಟ್ಟಿಯ ಊರಿಗೆ ಆಂಧ್ರ ಮೆಸ್ ಬಂತು, ಅನ್ನದ ಜೊತೆ ಗೊಂಗೂರ ಬಂತು. ಗೊಂಗೂರ ಅಂದರೂ ನಮ್ಮ ಪುಂಡಿನೇ, ಅದು ಬೇರೆ ಮಾತು!

ಹತ್ತು ಕಡೆಯ ಜನ ಸೇರಿದ ಪೇಟೆಯಲ್ಲಿ ಯಾರು ಯಾವ ಕೇರಿಯವನು ಅಂತ ಹೋಟೆಲಿನವನಿಗೆ ಗೊತ್ತಾಗಂಗಿಲ್ಲ. ಹಳ್ಳಿಯಲ್ಲಿ ಮುಖ ನೋಡಿದರೆ ಅಪ್ಪ, ಅಜ್ಜ, ಓಣಿ ಎಲ್ಲಾ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಗೋದು ಜೇಬಿನಾಗಿನ ದುಡ್ಡು ಮಾತ್ರ. ಊರಲ್ಲಿ ಹೊರಗೆ ನಿಂತು ಕುಡಿದ ಮನುಷ್ಯ ಸಿಂಧನೂರಿಗೆ ಸಂತೆಗೆ ಬಂದು ಒಳಗೆ ಕುಂತು ‘ಒಂದು ಚಹಾ ಕೊಡಪ್ಪ’ ಅಂತಿದ್ದ. ನಮ್ಮ ಹಿರಿಯರಿಗೆ ಪಟ್ಟಣದ ಚಹಾ ಯಾಕೆ ಅಷ್ಟು ರುಚಿ ಅನಿಸ್ತಿತ್ತು ಅಂತ ನನಗೆ ಆಮೇಲೆ ತಿಳೀತು. ಹಂಗಂತ ಕಾಲುವೆಯನ್ನ ಬಹಳ ಹೊಗಳೋದೂ ಬ್ಯಾಡ. ನೀರು ಬಂದ ಮೇಲೆ ಹೊಲದ ಬೆಲೆ ಏರಿತು, ಹೊಲ ಯಾರ ಕೈಗೆ ಹೋಯ್ತು, ಯಾರು ಕೂಲಿಯಾಗಿ ಉಳಿದರು ಅನ್ನೋದು ನಿಮಗೂ ಗೊತ್ತು. ಆರ್.ಎಚ್. ಕ್ಯಾಂಪಿನ ಬಂಗಾಳಿಗಳಲ್ಲಿ ಬಹಳ ಮಂದಿ ನಾಮಶೂದ್ರರು. ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ. ಇಲ್ಲಿ ಆ ಸ್ಥಾನಕ್ಕಾಗಿ ಇನ್ನೂ ಕೇಳ್ತಾನೇ ಅದಾರ.

ಮೂರನೆಯದು ಹೋರಾಟ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿ ರಾಜ್ಯದ ತುಂಬ ಹಬ್ಬಿದಾಗ ಭೂಮಿ, ಕೂಲಿ, ದೌರ್ಜನ್ಯದ ಪ್ರಶ್ನೆ ಜೊತೆಗೆ ಹೋಟೆಲ್ ಪ್ರವೇಶ, ಗುಡಿ ಪ್ರವೇಶ, ಕೆರೆ ನೀರಿನ ಪ್ರಶ್ನೆನೂ ಬೀದಿಗೆ ಬಂತು. ಗುಂಪಾಗಿ ಹೋಗಿ ಒಳಗೆ ಕುಂತು ಚಹಾ ಕೇಳೋದೇ ಒಂದು ಚಳವಳಿ. ಕುಂತವರಿಗೆ ಹೊಡೆತ ಬಿತ್ತು, ಬಹಿಷ್ಕಾರ ಬಿತ್ತು. ಕೆಲವು ಊರಲ್ಲಿ ನಮಗೆ ಕೊಡೋದಕ್ಕಿಂತ ಹೋಟೆಲ್ ಮುಚ್ಚೋದೇ ಲೇಸು ಅಂತ ಮುಚ್ಚಿದರು.

ಇದೆಲ್ಲಾ ಮುಗಿದ ಕಥೆ ಅನ್ನೋರು ಸಿಂಧನೂರಿಂದ ಕಾರಟಗಿ ದಾಟಿ ಗಂಗಾವತಿ ಕಡೆ ಹೋಗಿ ಮರಕುಂಬಿಯನ್ನ ಕೇಳ್ರಿ. ಅಲ್ಲಿ ಜಗಳದ ಬೇರು ಹೋಟೆಲ್ ಮತ್ತು ಕ್ಷೌರದ ಅಂಗಡಿ. ನಮ್ಮವರಿಗೆ ಪ್ರವೇಶ ಇರಲಿಲ್ಲ, ಅವರು ಕೇಳಿದರು. 2014ರ ಆಗಸ್ಟ್ 28ರಂದು ದಲಿತರ ಮೇಲೆ ದಾಳಿ ಆಯ್ತು, ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, 3 ಮಂದಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು ಸಿಕ್ತು. 1948ರಲ್ಲಿ ಬಾಬಾಸಾಹೇಬರು ವಿವರಿಸಿದ ಅದೇ ಎರಡು ಜಾಗ: ಹೋಟೆಲ್, ಕ್ಷೌರದ ಅಂಗಡಿ. ಅರವತ್ತಾರು ವರ್ಷದ ಮೇಲೆ ಅದೇ ಎರಡು ಜಾಗಕ್ಕೆ ಮನೆ ಸುಟ್ಟವು.

ಈಗ ಹೊಸ ಉಪಾಯ ಬಂದೈತಿ, ಪೇಪರ್ ಕಪ್ಪು. ಪಟ್ಟಣದಲ್ಲಿ ಎಲ್ಲರಿಗೂ ಪೇಪರ್ ಕಪ್ಪೇ ಕೊಟ್ಟರೆ ನನ್ನ ತಕರಾರಿಲ್ಲ. ಆದರೆ ಊರವರಿಗೆ ಸ್ಟೀಲ್ ಲೋಟ, ನಮ್ಮವರು ಬಂದ ಕೂಡಲೇ ಪೇಪರ್ ಕಪ್ಪು ಅಂದ್ರೆ ಅದು ಚಪ್ಪರದ ಸಂದಿಯ ಗ್ಲಾಸೇ. ಮೊದಲು ನಾವು ತೊಳೆದು ಇಡಬೇಕಿತ್ತು, ಈಗ ಕುಡಿದು ಬಿಸಾಡಬೇಕು. ತೊಳೆಯೋ ಪ್ರಸಂಗನೇ ಬರದಂಗ ಮಾಡ್ಯಾರ. ಪೊಲೀಸರು ಬಂದರೆ ತೋರಿಸೋಕೆ ಎರಡನೇ ಗ್ಲಾಸ್ ಇರಂಗಿಲ್ಲ. ಇದನ್ನ ‘ಸ್ವಚ್ಛತೆ’ ಅಂತಾರೆ.

ಲಿಂಗಸುಗೂರು ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು. ಚುನಾವಣೆ ಬಂದರೆ ನಾಯಕರು ಕೇರಿಗೆ ಊಟಕ್ಕೆ ಬರ್ತಾರೆ, ಫೋಟೋ ತೆಗೆಸ್ತಾರೆ. ಬರಲಿ, ಉಣ್ಣಲಿ. ನನ್ನ ಬೇಡಿಕೆ ಬೇರೆ. ಆ ನಾಯಕರು ಒಮ್ಮೆ ನಮ್ಮ ಹುಡುಗರನ್ನ ಕರ್ಕೊಂಡು ಅವರ ಊರಿನ ಹೋಟೆಲಿನ ಒಳಗೆ ಕುಂತು ಅದೇ ಸ್ಟೀಲ್ ಲೋಟದಾಗ ಚಹಾ ಕುಡೀಲಿ.

ತಿರುಗಾಡೋ ಜಾಗದ ಪಟ್ಟಿಯಲ್ಲಿ ನನಗೆ ಮೊದಲನೆಯದು ಮಸ್ಕಿ. ಅಲ್ಲಿನ ಬಂಡೆಯ ಮೇಲೆ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನ ಐತಿ. 1915ರಲ್ಲಿ ಚಿನ್ನದ ಅದಿರು ಹುಡುಕ್ತಿದ್ದ ಸಿ. ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಅದು ಬಿತ್ತು. ‘ದೇವಾನಾಂಪ್ರಿಯ’ ಅಂದರೆ ಅಶೋಕನೇ ಅಂತ ಹೆಸರಿನ ಸಮೇತ ಮೊದಲು ಖಚಿತ ಮಾಡಿದ ಶಾಸನ ಇದು. ಶಾಲೆಯಲ್ಲಿ ಇಷ್ಟು ಕಲಿಸ್ತಾರೆ. ಅದರ ಕೊನೆಯ ಮಾತನ್ನ ಕಲಿಸಂಗಿಲ್ಲ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಗುರಿ ಮುಟ್ಟಬಹುದು, ಇದು ದೊಡ್ಡವರಿಗೆ ಮಾತ್ರ ಅಂತ ಯಾರೂ ತಿಳೀಬಾರದು ಅನ್ನೋದು ಅದರ ಸಾರ. ‘ಸಣ್ಣವನು’ ಅನ್ನೋದಕ್ಕೆ ಅಲ್ಲಿರೋ ಪ್ರಾಕೃತ ಪದ ‘ಖುದಕ’. ಬುದ್ಧನ ದಾರಿ ಹಿಡಿದ ರಾಜ ನಮ್ಮೂರ ಬಂಡೆ ಮೇಲೆ ಇದನ್ನ ಕೆತ್ತಿಸ್ಯಾನ. ಅದೇ ಬಂಡೆಯ ಸುತ್ತಲಿನ ಹಳ್ಳಿಗಳಲ್ಲಿ ಯಾರ ಲೋಟ ಯಾವುದು ಅನ್ನೋ ಪ್ರಶ್ನೆ ಇನ್ನೂ ಮುಗಿದಿಲ್ಲ.

ಹಿಂಗಾಗಿ, ಯಾವ ಹೋಟೆಲ್ ಚಲೋ ಅಂತ ಕೇಳೋ ಗೆಳೆಯರಿಗೆ ನನ್ನ ಉತ್ತರ ಇದು. ಮಿರ್ಚಿ ಗರಿಗರಿ ಇರಲಿ, ಚಹಾ ಕಡಕ್ ಇರಲಿ. ಅದರ ಜೊತೆಗೆ ‘ಯಾವೂರು, ಯಾರ ಪೈಕಿ’ ಅಂತ ಕೇಳದೆ ಕುರ್ಚಿ ತೋರಿಸೋ ಹೋಟೆಲ್ ಚಲೋ. ಎಲ್ಲರ ಲೋಟ ಒಂದೇ ಬುಟ್ಟಿಗೆ ಬೀಳೋ ಹೋಟೆಲ್ ಚಲೋ. ಅಡಿಗೆ ಮನೆಯಲ್ಲಿ ನಮ್ಮ ಅಕ್ಕ ರೊಟ್ಟಿ ಬಡೀತಾಳ ಅಂತ ಗೊತ್ತಿದ್ದೂ ಜನ ಉಣ್ಣೋ ಹೋಟೆಲ್ ಎಲ್ಲಕ್ಕಿಂತ ಚಲೋ. ಎಲ್ಲಾ ಜಾತಿಯ ಹೆಸರಿನ ಖಾನಾವಳಿ ಬೋರ್ಡು ನೋಡೀವಿ. ನಮ್ಮವರು ತಮ್ಮ ಹೆಸರು ಮುಚ್ಚಿಡದೆ ಹಾಕಿದ ಬೋರ್ಡು ಎಷ್ಟು ಕಡೆ ನೋಡೀರಿ, ಹೇಳ್ರಿ. ಅಂಥಾದ್ದೊಂದು ಇದ್ದರೆ ಕಮೆಂಟಿನಲ್ಲಿ ಊರು, ರಸ್ತೆ ಹಾಕ್ರಿ. ಮುಂದಿನ ರವಿವಾರ ಅಲ್ಲೇ ಊಟ.

ನಿಮ್ಮ ಊರಿನ ಹೋಟೆಲಿನಲ್ಲಿ ಈಗಲೂ ಬೇರೆ ಲೋಟ ಇದ್ದರೆ ಸುಮ್ಮನಿರಬ್ಯಾಡ್ರಿ. ಒಬ್ಬರೇ ಹೋಗಬ್ಯಾಡ್ರಿ, ನಾಲ್ಕು ಮಂದಿ ಹೋಗ್ರಿ. ಬರೆದು ದೂರು ಕೊಡ್ರಿ, ಸ್ವೀಕೃತಿ ತೆಗೋರಿ. ಬಹಿಷ್ಕಾರದ ಮಾತು ಬಂದರೆ ತಾಲ್ಲೂಕಿನ ಸಂಗಾತಿಗಳಿಗೆ ಅವತ್ತೇ ತಿಳಿಸ್ರಿ.

ಜೈ ಭೀಮ್.