ಅಮೆರಿಕದ ಅಧ್ಯಕ್ಷೀಯ ಪ್ರೈಮರಿ: ಕಣದಿಂದ ಹಿಂದೆ ಸರಿಯುವುದು

ಪಕ್ಷದ ಅಧ್ಯಕ್ಷೀಯ ಉಮೇದುವಾರಿಕೆಯ ಪೈಪೋಟಿಯಲ್ಲಿ ಹಿಂದೆ ಬಿದ್ದವರು ಕಣ ಬಿಡುವ ಕ್ರಮ. ಇದಕ್ಕೆ ಕಾನೂನಿನ ಗಡುವಿಲ್ಲ. ಬರಿದಾಗುವ ಖಜಾನೆ, ಪಕ್ಷದ ಒತ್ತಡಗಳೇ ಗಳಿಗೆ ಗೊತ್ತುಮಾಡುತ್ತವೆ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15ರಷ್ಟು ಮತ ಪಡೆಯದವರಿಗೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳೂ ದಕ್ಕುವುದಿಲ್ಲ.

2020ರ ಡೆಮಾಕ್ರಟಿಕ್ ಪೈಪೋಟಿಯಲ್ಲಿ ಜೋ ಬೈಡನ್ ಸೌತ್ ಕೆರೊಲಿನಾ ಗೆದ್ದ ಮರುದಿನ ಪೀಟ್ ಬುಟಿಜೆಜ್, ಅದರ ಮಾರನೆಯ ದಿನ ಏಮಿ ಕ್ಲೋಬುಚಾರ್ ಹಿಂದೆ ಸರಿದರು. ಇಬ್ಬರೂ ಬೈಡನ್ ಬೆನ್ನಿಗೆ ನಿಂತರು. ಹಲವು ರಾಜ್ಯಗಳು ಒಂದೇ ದಿನ ಮತ ಹಾಕುವ ‘ಸೂಪರ್ ಟ್ಯೂಸ್‌ಡೇ’ಯಂದು, ಮಾರ್ಚ್ 3ರಂದು, 14 ರಾಜ್ಯಗಳಲ್ಲಿ 10 ಬೈಡನ್ ಪಾಲಾದವು.

ಕೊನೆಯವರೆಗೆ ಸೆಣಸಿದರೆ ಪಕ್ಷಕ್ಕೆ ಪೆಟ್ಟು ಖಚಿತವೆಂದೇನಿಲ್ಲ. 2008ರಲ್ಲಿ ಹಿಲರಿ ಕ್ಲಿಂಟನ್ ಜೂನ್ 7ರವರೆಗೂ ಪಟ್ಟು ಬಿಡಲಿಲ್ಲ. ಆದರೂ ನವೆಂಬರಿನ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರ ಪಕ್ಷದ ಎದುರಾಳಿ ಬರಾಕ್ ಒಬಾಮ ಗೆದ್ದರು.

ಕಣ ಬಿಡುವ ಹಲವರು ‘ಪ್ರಚಾರ ಸ್ಥಗಿತ’ ಎಂದಷ್ಟೇ ಸಾರುತ್ತಾರೆ. ಆ ಬಳಿಕವೂ ಪ್ರಚಾರದ ಸಾಲ ತೀರಿಸಲು ದೇಣಿಗೆ ಎತ್ತುವುದು ಮುಂದುವರಿಯುತ್ತದೆ.