ಒಂದು ಜರ್ಮನ್ ರೈತ ಮನೆತನದ ಮೂಲವನ್ನರಸಿ

ಸಂತ ಮತ್ತಾಯನ ಶುಭಸಂದೇಶವು ಹೆಸರುಗಳ ಪಟ್ಟಿಯೊಂದರಿಂದ ಆರಂಭವಾಗುತ್ತದೆ. ಅಬ್ರಹಾಮನಿಂದ ಮೊದಲ್ಗೊಂಡು ಹದಿನಾಲ್ಕು ಹದಿನಾಲ್ಕು ತಲೆಮಾರುಗಳ ಮೂರು ಗುಂಪುಗಳು ಅಲ್ಲಿವೆ. ಪೂಜೆಯಲ್ಲಿ ಈ ಭಾಗವನ್ನು ಓದುವಾಗ ಆಕಳಿಸುವವರನ್ನು ನಾವು ಬಲಿಪೀಠದ ಬಳಿಯಿಂದ ಕಂಡಿದ್ದೇವೆ, ಅವರನ್ನು ದೂರುವುದಿಲ್ಲ. ಆದರೆ ಹೆಸರುಗಳ ಪಟ್ಟಿಯೂ ಶುಭಸಂದೇಶದ ಭಾಗವೇ ಎಂಬುದನ್ನು ಮರೆಯಲಾಗದು. ನಮ್ಮ ನಾಡಿನ ಹೆಳವರು ಎತ್ತಿನ ಮೇಲೆ ಬಂದು ಒಕ್ಕಲುಮನೆಗಳ ವಂಶಾವಳಿಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಹೆಳವರಿಲ್ಲದ ನಾಡುಗಳಲ್ಲಿ ಬಡ ರೈತನ ಹಿರಿಯರ ಹೆಸರನ್ನು ಉಳಿಸಿದವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ, ಮೂರು ದೇಶಗಳನ್ನು ಕಂಡ ಒಂದು ಜರ್ಮನ್ ಕಥೋಲಿಕ ರೈತ ಮನೆತನದ ಚರಿತ್ರೆಯನ್ನು ಭಕ್ತಾದಿಗಳ ಮುಂದಿಡಬಯಸುತ್ತೇವೆ. ವಂಶಶೋಧನೆಯ ಮೊದಲ ನಿಯಮದಂತೆ, ತಿಳಿದುದರಿಂದ ತಿಳಿಯದುದರ ಕಡೆಗೆ, ಇಂದಿನಿಂದ ಹಿಂದಕ್ಕೆ ನಡೆಯೋಣ.

ಅಮೆರಿಕಾದ ನಾರ್ತ್ ಡಕೋಟಾ ರಾಜ್ಯದಲ್ಲಿ ಸ್ಟ್ರಾಸ್‌ಬರ್ಗ್ ಎಂಬ ಸಣ್ಣ ಊರಿದೆ. ಅದರ ಸಮೀಪದ ಹೊಲಮನೆಯೊಂದರಲ್ಲಿ 1903ರ ಮಾರ್ಚ್ 11ರಂದು ಲಾರೆನ್ಸ್ ವೆಲ್ಕ್ ಜನಿಸಿದರು. 1955ರಿಂದ 1982ರವರೆಗೆ ಅಮೆರಿಕಾದ ದೂರದರ್ಶನದಲ್ಲಿ ತಮ್ಮ ವಾದ್ಯವೃಂದದೊಡನೆ ಜನರನ್ನು ರಂಜಿಸಿದ ಅವರು 1992ರಲ್ಲಿ ನಿಧನರಾದರು. ತಂದೆ ಕೊಡಿಸಿದ ನಾನೂರು ಡಾಲರಿನ ಅಕಾರ್ಡಿಯನ್ ವಾದ್ಯದ ಋಣ ತೀರಿಸಲು, ಇಪ್ಪತ್ತೊಂದು ತುಂಬುವವರೆಗೆ ಹೊಲದಲ್ಲಿ ದುಡಿಯುವುದಾಗಿ ಮಾತು ಕೊಟ್ಟು, ಅದರಂತೆ ನಡೆದವರು ಅವರು. ಮನೆಯಲ್ಲಿಯೂ ಊರಿನಲ್ಲಿಯೂ ಆಡುತ್ತಿದ್ದುದು ಜರ್ಮನ್. ಅಮೆರಿಕಾದಲ್ಲೇ ಹುಟ್ಟಿದರೂ ಇಂಗ್ಲಿಷ್ ಅವರ ನಾಲಗೆಗೆ ಒಗ್ಗಿದ್ದು ತಡವಾಗಿ. ಹೆಂಟೆ ಇಟ್ಟಿಗೆಯ ಅವರ ಮನೆಯನ್ನು ಅಮೆರಿಕಾದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಲಾಗಿದೆ.

ಲಾರೆನ್ಸರ ತಂದೆ ಲುಡ್ವಿಗ್, ತಾಯಿ ಕ್ರಿಸ್ಟಿಯಾನಾ. ಈ ದಂಪತಿಗಳು ಅಮೆರಿಕಾಕ್ಕೆ ಬಂದದ್ದು 1892ರಲ್ಲಿ. ಮೊದಲ ಚಳಿಗಾಲವನ್ನು ಅವರು ಮಗುಚಿದ ಬಂಡಿಯ ಮೇಲೆ ಹುಲ್ಲುಮಣ್ಣಿನ ಹೆಂಟೆಗಳನ್ನು ಹೊದಿಸಿ, ಅದರಡಿಯಲ್ಲಿ ಕಳೆದರೆಂದು ಮನೆತನದ ನೆನಪು. 1862ರ ಹೋಮ್‌ಸ್ಟೆಡ್ ಕಾಯಿದೆಯು ಐದು ವರ್ಷ ನೆಲೆಸಿ ಉಳುವವನಿಗೆ 160 ಎಕರೆ ಭೂಮಿಯನ್ನು ಕೊಡುತ್ತಿತ್ತು. ವಿದೇಶದಿಂದ ಬಂದವನು ಅಮೆರಿಕಾದ ಪ್ರಜೆಯಾಗುವ ಇಚ್ಛೆಯನ್ನು ಮೊದಲು ಬರೆದುಕೊಡಬೇಕಿತ್ತು. ಆದುದರಿಂದ ಇಂತಹ ರೈತರ ಮೂಲವನ್ನು ಅರಸುವವರಿಗೆ ಭೂಮಿಯ ಕಡತ, ಪೌರತ್ವದ ಕಾಗದ, ಹಡಗಿನ ಪ್ರಯಾಣಿಕರ ಪಟ್ಟಿ, 1900ರ ಜನಗಣತಿ, ಇವು ಮೊದಲ ಮೆಟ್ಟಿಲುಗಳು. ಆ ಜನಗಣತಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ವಲಸೆ ಬಂದ ವರ್ಷ ಎಲ್ಲವೂ ದಾಖಲಾಗಿವೆ. ಹಡಗಿನಿಂದಿಳಿದಾಗ ಅಧಿಕಾರಿಗಳು ಹೆಸರನ್ನೇ ಬದಲಿಸಿದರೆಂಬ ಮಾತು ಅನೇಕ ಮನೆಗಳಲ್ಲಿ ಪ್ರಚಲಿತವಾಗಿದೆ. ವಾಸ್ತವದಲ್ಲಿ ಪ್ರಯಾಣಿಕರ ಪಟ್ಟಿ ಹಡಗು ಹೊರಡುವ ಬಂದರಿನಲ್ಲಿಯೇ ಸಿದ್ಧವಾಗುತ್ತಿತ್ತು.

ಇಲ್ಲಿ ಶೋಧಕನು ಒಂದು ಒಗಟನ್ನು ಎದುರಿಸುತ್ತಾನೆ. ಭಾಷೆ ಜರ್ಮನ್, ಹೆಸರು ಜರ್ಮನ್, ಎಮ್ಮನ್ಸ್ ಕೌಂಟಿಯ ಕಥೋಲಿಕ ಸ್ಮಶಾನಗಳಲ್ಲಿ ಕಮ್ಮಾರರು ಬಡಿದು ಮಾಡಿದ ಸುಂದರ ಕಬ್ಬಿಣದ ಶಿಲುಬೆಗಳ ಮೇಲಿನ ಬರಹವೂ ಜರ್ಮನ್. ಆದರೆ ಸರಕಾರಿ ಕಾಗದದಲ್ಲಿ ಹುಟ್ಟಿದ ದೇಶ ರಷ್ಯಾ! ಒಗಟನ್ನು ಬಿಡಿಸುವ ಸುಳಿವು ಊರಿನ ಹೆಸರಿನಲ್ಲಿದೆ. ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದ ಬಳಿ, ಇಂದಿನ ಯುಕ್ರೇನಿನಲ್ಲಿ, ಕುಚುರ್ಗಾನ್ ಎಂಬ ಹೊಳೆಯ ಮಗ್ಗುಲಲ್ಲಿ 1808ರ ಸುಮಾರಿಗೆ ಆರು ಜರ್ಮನ್ ಕಥೋಲಿಕ ಹಳ್ಳಿಗಳು ನೆಲೆಗೊಂಡವು: ಸ್ಟ್ರಾಸ್‌ಬುರ್ಗ್, ಸೆಲ್ಟ್ಸ್, ಕಾಂಡೆಲ್, ಬಾಡೆನ್, ಮಾನ್‌ಹೈಮ್, ಎಲ್ಸಾಸ್. ಈ ಹೆಸರುಗಳೆಲ್ಲವೂ ರೈನ್ ನದಿಯ ಸೀಮೆಯಿಂದ ತಂದವು. ತೌರಿನ ಹೆಸರನ್ನು ರಷ್ಯಾದ ಹುಲ್ಲುಗಾಡಿಗೆ ಹೊತ್ತು ತಂದವರ ಮೊಮ್ಮಕ್ಕಳೇ ಅದನ್ನು ಮತ್ತೊಮ್ಮೆ ಡಕೋಟಾದ ಹುಲ್ಲುಗಾಡಿಗೆ ಹೊತ್ತೊಯ್ದರು.

ರಷ್ಯಾದ ಚಕ್ರವರ್ತಿನಿ ಎರಡನೆಯ ಕ್ಯಾಥರೀನಳು 1763ರಲ್ಲಿ ವಿದೇಶೀ ರೈತರನ್ನು ಆಹ್ವಾನಿಸಿದ್ದಳು. ಅವಳ ಮೊಮ್ಮಗ ಮೊದಲನೆಯ ಅಲೆಕ್ಸಾಂಡರನು 1804ರಲ್ಲಿ, ಒಕ್ಕಲುತನದಲ್ಲಿ ನುರಿತವರಿಗೆ ಮಾತ್ರವೆಂದು, ಆ ಆಹ್ವಾನವನ್ನು ನವೀಕರಿಸಿದನು. ಭೂಮಿ, ಹತ್ತು ವರ್ಷ ಕರವಿನಾಯಿತಿ, ಸೈನ್ಯಸೇವೆಯಿಂದ ಬಿಡುಗಡೆ, ಧರ್ಮಸ್ವಾತಂತ್ರ್ಯ, ಇವು ಅವನ ವಾಗ್ದಾನಗಳು. ಇತ್ತ ಫ್ರಾನ್ಸಿಗೆ ಸೇರಿದ ಅಲ್ಸಾಸ್ ಸೀಮೆಯಲ್ಲಿ ಮಹಾಕ್ರಾಂತಿಯೂ ನೆಪೋಲಿಯನ್ನನ ಯುದ್ಧಗಳೂ ರೈತನನ್ನು ಹಿಂಡಿದ್ದವು. ಹಂಚಿ ಹಂಚಿ ಹೊಲಗಳು ತುಂಡಾಗಿದ್ದವು, ಗಂಡುಮಕ್ಕಳು ಸೈನ್ಯದ ಪಾಲಾಗುತ್ತಿದ್ದರು. ಪ್ರಮಾಣವಚನಕ್ಕೊಪ್ಪದ ಧರ್ಮಗುರುಗಳನ್ನು ಕ್ರಾಂತಿಕಾರರು ಅಟ್ಟಿದ್ದ ಗಾಯವೂ ಮಾಸಿರಲಿಲ್ಲ. ಮೋರಿಟ್ಸ್ ಮತ್ತು ಮಗ್ದಲೇನಾ ವೆಲ್ಕ್ ಎಂಬ ದಂಪತಿಗಳು 1808ರಲ್ಲಿ ಜರ್ಮನ್ ಮಾತನಾಡುವ ಅಲ್ಸಾಸ್-ಲೊರೇನ್ ಸೀಮೆಯನ್ನು ಬಿಟ್ಟು ಪೂರ್ವಕ್ಕೆ ನಡೆದರು. ಲಾರೆನ್ಸರಿಂದ ಹಿಂದಕ್ಕೆ ಎಣಿಸಿದರೆ ಮೋರಿಟ್ಸ್ ನಾಲ್ಕನೆಯ ತಲೆಯವನು.

ರಾಜರ ವಾಗ್ದಾನ ಶಾಶ್ವತವಲ್ಲ. 1871ರಲ್ಲಿ ಆ ವಲಸಿಗರ ವಿಶೇಷ ಹಕ್ಕುಗಳು ರದ್ದಾದವು. 1874ರಲ್ಲಿ ಸೈನ್ಯಸೇವೆ ಕಡ್ಡಾಯವಾಯಿತು. ಬಂಡಿಗಳು ಮತ್ತೆ ಸಿದ್ಧವಾದವು. ಲುಡ್ವಿಗ್ ದಂಪತಿಗಳು ಹೊರಟುದು ಈ ಪ್ರವಾಹದಲ್ಲಿ.

ಹಾಗಾದರೆ ಮೋರಿಟ್ಸನಂತಹ ಸಾಮಾನ್ಯ ಒಕ್ಕಲಿಗನ ಹೆಸರು ಇನ್ನೂರು ವರ್ಷಗಳಾಚೆಗೆ ತಲುಪುವುದು ಯಾವ ದಾರಿಯಿಂದ? ರಷ್ಯಾ ಸರಕಾರವು 1816ರಲ್ಲಿಯೂ 1858ರಲ್ಲಿಯೂ ಈ ಹಳ್ಳಿಗಳ ಮನೆಮನೆಯ ಗಣತಿಯನ್ನು ಮಾಡಿತು. ಆದರೆ ಒಂದು ಗಣತಿಯನ್ನು ಮತ್ತೊಂದಕ್ಕೆ ಹೆಣೆಯುವ ದಾರವೆಂದರೆ ಧರ್ಮಕೇಂದ್ರದ ದಾಖಲೆ ಪುಸ್ತಕಗಳು. ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಎಲ್ಲ ಧರ್ಮಕೇಂದ್ರಗಳ ಗುರುಗಳಿಗೆ ಆಜ್ಞಾಪಿಸಿತು. 1614ರಲ್ಲಿ ಐದನೆಯ ಪೌಲ್ ಜಗದ್ಗುರುಗಳು ಹೊರಡಿಸಿದ ರೋಮನ್ ಸಂಸ್ಕಾರವಿಧಿಯು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಹಾಗೂ ಮನೆಮನೆಯ ಆತ್ಮಗಳ ಸ್ಥಿತಿ ಎಂಬ ಐದು ಪುಸ್ತಕಗಳನ್ನು ವಿಧಿಸಿತು. 1907ರಲ್ಲಿ ಹತ್ತನೆಯ ಪಿಯುಸ್ ಜಗದ್ಗುರುಗಳು, ವಿವಾಹವನ್ನು ಜ್ಞಾನಸ್ನಾನದ ಪುಸ್ತಕದಲ್ಲಿಯೂ ಗುರುತಿಸಬೇಕೆಂದು ವಿಧಿಸಿದರು. ಶ್ರೀಮಂತನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಕೂಲಿಯವನ ಕೂಸಿನ ಹೆಸರು, ಅದರ ತಾಯಿಯ ತೌರಿನ ಹೆಸರು, ಜ್ಞಾನತಂದೆ ಜ್ಞಾನತಾಯಿಯರ ಹೆಸರು ಉಳಿದುದು ಈ ಪುಸ್ತಕಗಳಲ್ಲಿ.

ಓದುವವನಿಗೆ ತಾಳ್ಮೆ ಬೇಕು. ಒಬ್ಬನೇ ಲುಡ್ವಿಗ್ ಲತೀನ್ ಪುಸ್ತಕದಲ್ಲಿ ಲುದೋವಿಕುಸ್, ಫ್ರೆಂಚ್ ಪುಸ್ತಕದಲ್ಲಿ ಲೂಯಿ ಆಗಬಲ್ಲನು. ಮೋರಿಟ್ಸನು ಮೌರಿತಿಯುಸ್ ಆಗಬಲ್ಲನು. ಫ್ರಾನ್ಸಿನಲ್ಲಿ 1792ರಿಂದ ಜನನ ಮರಣಗಳ ದಾಖಲೆ ಗುರುಗಳ ಕೈಯಿಂದ ಊರಿನ ಆಡಳಿತಕ್ಕೆ ಹೋಯಿತು. ಅದರಾಚೆ ಕೆಲವು ವರ್ಷ ತಾರೀಖುಗಳನ್ನೂ ಕ್ರಾಂತಿಯ ಹೊಸ ಪಂಚಾಂಗದಂತೆ ಬರೆದರು. ಅವನ್ನು ನಮ್ಮ ತಾರೀಖಿಗೆ ತಿರುಗಿಸಿಯೇ ಮುಂದೆ ಸಾಗಬೇಕು.

ಈ ಚರಿತ್ರೆಗೆ ಒಂದು ದುಃಖದ ಮಗ್ಗುಲಿದೆ. ಒಂದೇ ಪುಸ್ತಕದ ಒಂದೇ ಪುಟದಲ್ಲಿದ್ದ ಸೋದರರಲ್ಲಿ ಕೆಲವರು ಹೊರಟರು, ಕೆಲವರು ಉಳಿದರು. ಉಳಿದವರ ಪಾಲಿಗೆ 1921-22ರ ಕ್ಷಾಮ, 1932-33ರ ಘೋರ ಕ್ಷಾಮ, 1937-38ರ ಬಂಧನ ಮರಣಗಳು ಬಂದವು. ಧರ್ಮಗುರುಗಳು ಸೆರೆಗೆ ಹೋದರು, ದೇವಾಲಯಗಳಿಗೆ ಬೀಗ ಬಿದ್ದಿತು. 1944ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯದೊಡನೆ ಹಳ್ಳಿಗಳೇ ಖಾಲಿಯಾದವು. ಯುದ್ಧಾನಂತರ ಅನೇಕರನ್ನು ಸೋವಿಯತ್ ಸರಕಾರ ಹಿಡಿದು ಸೈಬೀರಿಯಾ, ಕಜಕಸ್ಥಾನಗಳಿಗೆ ಅಟ್ಟಿತು. ಡಕೋಟಾದ ಮಗ ಸಂಗೀತ ನುಡಿಸುತ್ತಿದ್ದ ದಿನಗಳಲ್ಲಿ ಅದೇ ಹಳ್ಳಿಗಳ ಮಕ್ಕಳು ಪೂಜೆಯಿಲ್ಲದೆ, ಗೋರಿಯ ಮೇಲೆ ಶಿಲುಬೆಯಿಲ್ಲದೆ ಸತ್ತರು. 1991ರಲ್ಲಿ ಸೋವಿಯತ್ ಒಕ್ಕೂಟ ಮುರಿದ ಬಳಿಕ ಪತ್ರಾಗಾರಗಳ ಬಾಗಿಲು ತೆರೆದವು. ಧರ್ಮಪ್ರಾಂತ್ಯದ ಕಚೇರಿಗೆಂದು ಗುರುಗಳು ವರ್ಷವರ್ಷವೂ ಬರೆದು ಕಳುಹಿಸುತ್ತಿದ್ದ ನಕಲುಪ್ರತಿಗಳು ಆಗ ಸಂಬಂಧಿಕರನ್ನು ಮತ್ತೆ ಕೂಡಿಸಿದವು. ಮೂಲಪುಸ್ತಕ ಹಾಳಾದಲ್ಲಿಯೂ ನಕಲು ಸಾಕ್ಷಿ ನುಡಿಯಿತು.

ಇದನ್ನು ಬರೆಯುವಾಗ ನಮ್ಮ ಮನಸ್ಸು ನಮ್ಮ ಪೂಜಾಸಾಮಗ್ರಿಯ ಕೋಣೆಯ ಕಪಾಟಿನತ್ತ ಹೊರಳುತ್ತದೆ. ನೂರು ವರ್ಷಗಳ ಜ್ಞಾನಸ್ನಾನದ ಪುಸ್ತಕಗಳು ಅಲ್ಲಿವೆ. ಕೆಲವು ಪುಟಗಳನ್ನು ಪೂರ್ವಿಕ ಗುರುಗಳು ಮುತ್ತು ಪೋಣಿಸಿದಂತೆ ಬರೆದಿದ್ದಾರೆ. ಬೇರೆ ಕೆಲವನ್ನು, ಮುಂದಿನ ಪೂಜೆಯ ಅವಸರದಲ್ಲಿ, ನಾವೇ ಗೀಚಿದ್ದೇವೆ. ತಾಯಿಯ ತೌರಿನ ಹೆಸರಿನ ಜಾಗವನ್ನು ಖಾಲಿ ಬಿಟ್ಟದ್ದೂ ಉಂಟು. ಮೋರಿಟ್ಸನ ಮನೆತನದ ಚರಿತ್ರೆ ಆ ಖಾಲಿ ಜಾಗಗಳನ್ನು ನಮಗೆ ತೋರಿಸಿ ನಾಚಿಸಿದೆ. ಅಂತಹ ಮನೆಗಳ ಹಿರಿಯರು ದಯವಿಟ್ಟು ನಮ್ಮಲ್ಲಿಗೆ ಬಂದು ಹೆಸರುಗಳನ್ನು ತಿಳಿಸಬೇಕು. ಸಾಕ್ಷಿಗಳ ಸಮೇತ ಪುಟದಂಚಿನಲ್ಲಿ ಸೇರಿಸೋಣ. ನಮ್ಮ ಮಕ್ಕಳೂ ಇಂದು ಕೊಲ್ಲಿ ನಾಡುಗಳಿಗೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೊರಟಿದ್ದಾರೆ. ನೂರು ವರ್ಷಗಳ ಬಳಿಕ ಅವರ ಮರಿಮಗನೊಬ್ಬನು ಬಂದು ಈ ಕಪಾಟನ್ನು ತೆರೆದಾಗ, ಅವನು ಅರಸುವ ಹೆಸರು ಅಲ್ಲಿರಲಿ ಎಂದು ಪ್ರಭುವಿನಲ್ಲಿ ಪ್ರಾರ್ಥಿಸುತ್ತೇವೆ.