ವಾಲ್ವಿನ ಗೊಣಗು ಮತ್ತು ಸುಯ್ಲು



ಟ್ರಾನ್ಸಿಸ್ಟರು ಬಂದು ಬಹುಕಾಲ ಕಳೆದಿದ್ದರೂ, ಮನೆಯಲ್ಲಿಯೇ ವಾಲ್ವುಗಳನ್ನು ಜೋಡಿಸಿ ಧ್ವನಿವರ್ಧಕವನ್ನು ಕಟ್ಟುವ ಹವ್ಯಾಸಿಗಳು ಇಂದಿಗೂ ಉಂಟು. ಇವರಿಗೆ ಸಂಗೀತಕ್ಕೆ ಮುಂಚೆ ಕೇಳಿಬರುವುದು ಸದ್ದು. ಅದರಲ್ಲಿ ಮುಖ್ಯವಾದವು ಎರಡು ಬಗೆ: ಒಂದು, ದುಂಬಿಯ ಮೊರೆತದಂತಹ ಗೊಣಗು, ಇನ್ನೊಂದು, ದೂರದ ಮಳೆಯಂತಹ ಸುಯ್ಲು. ಇವೆರಡರ ಮೂಲವೂ ಬೇರೆ, ಔಷಧವೂ ಬೇರೆ. ಈ ಭೇದವು ವಿದ್ವಾಂಸರಿಗೆ ತಿಳಿದುಬಂದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗರು ಎರಡು ಧ್ರುವಗಳ ವಾಲ್ವನ್ನು ರಚಿಸಿದರು. ಅನಂತರ ಅಮೆರಿಕಾದ ಡಿ ಫಾರೆಸ್ಟರು ಅದರಲ್ಲಿ ಜಾಲರಿಯೊಂದನ್ನು ಸೇರಿಸಲು, ಕ್ಷೀಣವಾದ ವಿದ್ಯುತ್ತನ್ನು ಹಿಗ್ಗಿಸುವ ಮಾರ್ಗವು ತೆರೆಯಿತು. 1915ರ ಜನವರಿ 25ರಂದು ನ್ಯೂಯಾರ್ಕಿಗೂ ಸ್ಯಾನ್ ಫ್ರಾನ್ಸಿಸ್ಕೋವಿಗೂ ನಡುವೆ ದೂರವಾಣಿಯ ಸಂಪರ್ಕವು ವಿಧ್ಯುಕ್ತವಾಗಿ ಆರಂಭವಾದುದು ಇಂತಹ ವಾಲ್ವುಗಳ ನೆರವಿನಿಂದಲೇ. ಆದರೆ ವಾಲ್ವಿಗೆ ವಿವೇಕವಿಲ್ಲ. ಮಾತನ್ನು ಹಿಗ್ಗಿಸುವಂತೆಯೇ, ಮಾತಿನೊಡನೆ ಬೆರೆತ ಸದ್ದನ್ನೂ ಅದು ಹಿಗ್ಗಿಸುವುದು. ಹೀಗಿರಲು, ಸದ್ದಿನ ಮೂಲವನ್ನು ಅರಸುವುದು ಅನಿವಾರ್ಯವಾಯಿತು.

1918ರಲ್ಲಿ ಜರ್ಮನಿಯ ವಾಲ್ಟರ್ ಷಾಟ್ಕಿಯವರು ಸುಯ್ಲಿನ ರಹಸ್ಯವನ್ನು ಬಿಡಿಸಿದರು. ವಾಲ್ವಿನೊಳಗಣ ಪ್ರವಾಹವು ನೀರಿನಂತೆ ಅಖಂಡವಾದುದಲ್ಲ. ಮೊರದ ಮೇಲೆ ಸುರಿದ ರಾಗಿಯಂತೆ ವಿದ್ಯುತ್ಕಣಗಳು ಬಿಡಿಬಿಡಿಯಾಗಿ ಬೀಳುತ್ತವೆ. ಆ ಬೀಳುವಿಕೆಯ ಏರುಪೇರೇ ಒಂದು ಬಗೆಯ ಸುಯ್ಲು. ವಾಹಕದೊಳಗಣ ಕಣಗಳು ಶಾಖದಿಂದ ಸದಾ ತಲ್ಲಣಿಸುವುದರಿಂದ ಹುಟ್ಟುವುದು ಎರಡನೆಯ ಬಗೆ. ಇದನ್ನು ಅಳೆದು 1928ರಲ್ಲಿ ಪ್ರಕಟಿಸಿದವರು ಜಾನ್ಸನ್ನರು. ಅದರ ಗಣಿತವನ್ನು ಅದೇ ವರ್ಷ ತೋರಿಸಿಕೊಟ್ಟವರು ನೈಕ್ವಿಸ್ಟರು. ಇಬ್ಬರೂ ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ಕೆಲಸಮಾಡಿದವರು.

ಅವರ ಲೆಕ್ಕದಂತೆ, 1 ಲಕ್ಷ ಓಮಿನ ಪ್ರತಿರೋಧಕವೊಂದು ಕೋಣೆಯ ಶಾಖದಲ್ಲಿ ಸುಮ್ಮನಿದ್ದರೂ, 20,000 ಆವರ್ತನಗಳ ವ್ಯಾಪ್ತಿಯಲ್ಲಿ ಸುಮಾರು 6 ಮೈಕ್ರೋವೋಲ್ಟು ಸದ್ದನ್ನು ಹೊರಡಿಸುವುದು. ಸಾವಿರ ಪಟ್ಟು ಹಿಗ್ಗಿದರೆ ಅದು 6 ಮಿಲಿವೋಲ್ಟಾಗುವುದು. ಇದನ್ನು ಪೂರ್ಣವಾಗಿ ಅಳಿಸಬಲ್ಲ ಕುಶಲಿಯು ಹುಟ್ಟಿಲ್ಲ. ತಗ್ಗಿಸುವುದು ಮಾತ್ರ ಸಾಧ್ಯ. ಮೊದಲನೆಯ ವಾಲ್ವಿನ ಜಾಲರಿಯ ಹಾದಿಯಲ್ಲಿ ಪ್ರತಿರೋಧವನ್ನು ಅನಾವಶ್ಯಕವಾಗಿ ಹೆಚ್ಚಿಸಬಾರದು. ಪ್ರವಾಹವು ಹರಿಯುವೆಡೆಯಲ್ಲಿ ಇಂಗಾಲದ ಹುಡಿಯ ಪ್ರತಿರೋಧಕಕ್ಕಿಂತ ಲೋಹದ ಪೊರೆಯದು ಲೇಸು. ಐದು ಧ್ರುವಗಳ ಪೆಂಟೋಡಿನಲ್ಲಿ ಪ್ರವಾಹವು ಎರಡಾಗಿ ಒಡೆಯುವುದರಿಂದ ಸುಯ್ಲು ಹೆಚ್ಚುವುದು. ಆದುದರಿಂದ ಅನೇಕರು ಮೊದಲ ಸ್ಥಾನಕ್ಕೆ ಮೂರು ಧ್ರುವಗಳ ಟ್ರಯೋಡನ್ನೇ ಆರಿಸುವರು.

ಗೊಣಗಿನ ಚರಿತ್ರೆಯೇ ಬೇರೆ. ಮೊದಲಿನ ವಾಲ್ವುಗಳ ತಂತಿಯನ್ನು ಬ್ಯಾಟರಿಯಿಂದ ಕಾಯಿಸುತ್ತಿದ್ದರು. ಆಗ ಈ ಪೀಡೆಯಿರಲಿಲ್ಲ. ಬೀದಿಯ ಕಂಬದಿಂದ ಬಂದ ಪರ್ಯಾಯ ವಿದ್ಯುತ್ತಿನಿಂದ ಕಾಯಿಸತೊಡಗಿದಾಗ ಅದರ ಆವರ್ತನವೂ ಧ್ವನಿಯೊಳಕ್ಕೆ ನುಸುಳಿತು. ಕಾಯಿಸುವ ತಂತಿಯನ್ನೂ ಕ್ಯಾಥೋಡನ್ನೂ ಬೇರ್ಪಡಿಸಿದ, ಅಮೆರಿಕಾದಲ್ಲಿ 1927ರಲ್ಲಿ ಬಂದ 227 ಎಂಬ ವಾಲ್ವಿನಂತಹವುಗಳಿಂದ ಈ ಬಾಧೆಯು ಬಹುಮಟ್ಟಿಗೆ ತಗ್ಗಿತು.

ಉಳಿದುದನ್ನು ಕಟ್ಟುವವನು ತಾನೇ ತಗ್ಗಿಸಬಹುದು. ನಮ್ಮ ದೇಶದಲ್ಲಿ ವಿದ್ಯುತ್ತಿನ ಆವರ್ತನವು 50. ಗೊಣಗು ಆ ಮಟ್ಟದಲ್ಲಿದ್ದರೆ ಕಾಯಿಸುವ ತಂತಿಗಳನ್ನೋ, ಹೊದಿಕೆಯಿಲ್ಲದ ಒಳಬರುವ ತಂತಿಯನ್ನೋ, ಟ್ರಾನ್ಸ್‌ಫಾರ್ಮರಿನ ಸಾಮೀಪ್ಯವನ್ನೋ ಶಂಕಿಸಬೇಕು. ಷಡ್ಜಕ್ಕೆ ತಾರಷಡ್ಜವಿದ್ದಂತೆ 100ರ ಮಟ್ಟದಲ್ಲಿದ್ದರೆ ಮೊದಲು ಶೋಧಕ ಕಂಡೆನ್ಸರನ್ನೂ ನೆಲಸಂಪರ್ಕದ ತಂತಿಗಳನ್ನೂ ಪರೀಕ್ಷಿಸಬೇಕು. ಕಾಯಿಸುವ ಜೋಡಿತಂತಿಯನ್ನು ಹಗ್ಗದಂತೆ ಹೊಸೆದು, ಅದರ ಮಧ್ಯಬಿಂದುವನ್ನು ನೆಲಕ್ಕೆ ಸೇರಿಸಿ, ನೆಲಸಂಪರ್ಕಗಳನ್ನೆಲ್ಲ ಒಂದೇ ಬಿಂದುವಿನಲ್ಲಿ ಕೂಡಿಸಿ, ಟ್ರಾನ್ಸ್‌ಫಾರ್ಮರನ್ನು ಮೊದಲನೆಯ ವಾಲ್ವಿನಿಂದ ದೂರವಿಡುವುದು ಒಳ್ಳೆಯದು. ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಕಂಡೆನ್ಸರುಗಳಲ್ಲಿ ಪ್ರಾಣಾಪಾಯಕರವಾದ ಶಕ್ತಿಯು ಉಳಿದಿರಬಹುದು. ಅದನ್ನು ಖಾಲಿಮಾಡದೆ ಕೈಯಿಕ್ಕಕೂಡದು.

ಒಟ್ಟಿನಲ್ಲಿ, ಗೊಣಗು ಹೆಚ್ಚಾಗಿ ಕಟ್ಟಡದ ದೋಷ, ಸುಯ್ಲು ಪ್ರಕೃತಿಯ ಧರ್ಮ. ಮೊದಲನೆಯದರಲ್ಲಿ ತಾಳ್ಮೆ ಬೇಕು. ಎರಡನೆಯದರಲ್ಲಿ ಎಲ್ಲಿಗೆ ನಿಲ್ಲಿಸಬೇಕೆಂಬ ವಿವೇಕ ಬೇಕು. ಎರಡಕ್ಕೂ ರಣರಂಗವು ಮೊದಲನೆಯ ವಾಲ್ವೇ. ಅಲ್ಲಿ ಸದ್ದಿನೊಳಗೆ ಮುಳುಗಿಹೋದ ದನಿಯನ್ನು ಮುಂದಿನ ಎಷ್ಟು ವಾಲ್ವುಗಳು ಹಿಗ್ಗಿಸಿದರೂ, ಸದ್ದಿನಿಂದ ಬಿಡಿಸಿಕೊಡಲಾರವು.